ಥೈರಾಯ್ಡ್ ಮತ್ತು ಈಟಿಂಗ್ ಡಿಸಾರ್ಡರ್: ಸಂಶೋಧನೆ ಎಲ್ಲಿಂದ ಶುರು ಮಾಡಬೇಕು?

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುತ್ತ, ಥೈರಾಯ್ಡ್ ತೊಂದರೆ ಮತ್ತು ಈಟಿಂಗ್ ಡಿಸಾರ್ಡರ್ (ತಿನ್ನುವ ರೀತಿಯೇ ಹದ ತಪ್ಪುವ ಮಾನಸಿಕ ಕಾಯಿಲೆ) ಎರಡರ ಮೇಲೂ ಸಂಶೋಧನೆ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಎಂಬಿಬಿಎಸ್ ಮುಗಿದ ಮೇಲೆ ಎಂಡಿ ಮೆಡಿಸಿನ್ 3 ವರ್ಷ, ಅದರ ಮೇಲೆ ಡಿಎಂ ಎಂಡೋಕ್ರೈನಾಲಜಿ (ಹಾರ್ಮೋನ್ ಕಾಯಿಲೆಗಳ ಉನ್ನತ ಓದು) 3 ವರ್ಷ. ಮನೋವೈದ್ಯರ ಜೊತೆಯಿಲ್ಲದೆ ಈ ಕೆಲಸ ಅರ್ಧವೇ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಪಕ್ಕದಲ್ಲೇ ಇದೆ. ಎಂಬಿಬಿಎಸ್‌ನಲ್ಲಿದ್ದಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2 ತಿಂಗಳ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕಿ.

ಅಧ್ಯಯನ ಹೆಚ್ಚಾಗಿ ಕೆಡುವುದು ರಕ್ತ ತೆಗೆಯುವಲ್ಲಿ. ಊಟ ಬಿಟ್ಟವರಲ್ಲಿ ಥೈರಾಯ್ಡ್ ಹಾರ್ಮೋನ್ ಟಿ3 ಇಳಿಯುತ್ತದೆ, ಆದರೆ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್ ಸಾಮಾನ್ಯವಾಗಿ ಏರುವುದಿಲ್ಲ. ಗ್ರಂಥಿ ಕೆಟ್ಟಿಲ್ಲ, ದೇಹ ಶಕ್ತಿ ಉಳಿಸಿಕೊಳ್ಳುತ್ತಿದೆ. ಇದಕ್ಕೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಕೊಟ್ಟರೆ ತೂಕ ಇನ್ನೂ ಇಳಿದು ಹೃದಯಕ್ಕೆ ಅಪಾಯ. ಊಟ ಮರಳಿದರೆ ಟಿ3 ತಾನಾಗಿಯೇ ಏರುತ್ತದೆ. ಶ್ರಾವಣದ ಉಪವಾಸವೂ ಲೆಕ್ಕ ತಪ್ಪಿಸಬಹುದು, ಆದ್ದರಿಂದ ಹಿಂದಿನ 3 ದಿನ ತಿಂದದ್ದನ್ನು ಬರೆದುಕೊಳ್ಳಿ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯನ್ನು ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ಅದು ವರದಿಯನ್ನೇ ತಪ್ಪಾಗಿಸುತ್ತದೆ. ತೂಕ ಇಳಿಸಲು ಗುಟ್ಟಾಗಿ ಥೈರಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಟಿಎಸ್‌ಎಚ್ ಜೊತೆಗೆ ಥೈರಾಯ್ಡ್ ಗ್ರಂಥಿಯೇ ತಯಾರಿಸುವ ಥೈರೋಗ್ಲಾಬ್ಯುಲಿನ್ ಪ್ರೋಟೀನ್ ಕೂಡ ಕಡಿಮೆ ಇರುತ್ತದೆ.

ಈಟಿಂಗ್ ಡಿಸಾರ್ಡರ್ ಇರಬಹುದೇ ಎಂದು ಪತ್ತೆ ಹಚ್ಚುವ ಪ್ರಶ್ನಾವಳಿ ಸ್ಕಾಫ್‌ನ 5 ಪ್ರಶ್ನೆಗಳನ್ನು ಇಲ್ಲಿಯ ಆಡುಮಾತಿಗೆ ತನ್ನಿ. ಅದರಲ್ಲಿರುವ 'ಒಂದು ಸ್ಟೋನ್' ತೂಕವನ್ನು ಸುಮಾರು 6 ಕಿಲೋ ಎಂದೇ ಕೇಳಿ. ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಗೆ ಬರುವ ತನಕ ಒಂದು ಹನಿ ರಕ್ತವನ್ನೂ ತೆಗೆಯಬೇಡಿ.