ದುಪ್ಪಟ್ಟಾಗಿದ್ದು ಯಾರ ಆದಾಯ?

ರಾಜಾಜಿನಗರದ ಓದುಗರೊಬ್ಬರ ಪತ್ರ: ‘ನಮ್ಮ ಪಕ್ಷದ ಆಡಳಿತದಲ್ಲಿ ರಾಜ್ಯದ ತಲಾ ಆದಾಯ ದುಪ್ಪಟ್ಟಾಯಿತು. ಆದರೂ ಕಾರ್ಮಿಕರಿಗೆ ಏನೂ ದಕ್ಕಿಲ್ಲ ಅಂತ ಬರೆಯುತ್ತೀರಿ. ನೀವು ಯಾವ ಪಕ್ಷ?’

ಸಂಪಾದಕರ ಉತ್ತರ:

ಮೊದಲು ದುಪ್ಪಟ್ಟಿನ ಲೆಕ್ಕ ನೋಡೋಣ. 72ನ್ನು ವರ್ಷದ ಬೆಳವಣಿಗೆ ದರದಿಂದ ಭಾಗಿಸಿದರೆ ದುಪ್ಪಟ್ಟಾಗಲು ಎಷ್ಟು ವರ್ಷ ಬೇಕೆಂಬುದು ಹೆಚ್ಚೂಕಡಿಮೆ ಸಿಗುತ್ತದೆ. ಚಾಲ್ತಿ ಬೆಲೆಯಲ್ಲಿ (ಅಂದರೆ ಬೆಲೆಯೇರಿಕೆಯನ್ನು ಕಳೆಯದೆ) ಶೇ 10ರಂತೆ ಬೆಳೆದರೆ ಏಳು ವರ್ಷ ಸಾಕು. ಆ ಹತ್ತರಲ್ಲಿ ಐದು ಬರೀ ಬೆಲೆಯೇರಿಕೆಯಾಗಿದ್ದರೆ, ಸ್ಥಿರ ಬೆಲೆಯಲ್ಲಿ (ಬೆಲೆಯೇರಿಕೆ ಕಳೆದರೆ) ಹದಿನಾಲ್ಕು ವರ್ಷ ಹಿಡಿಯುತ್ತದೆ. ಕರ್ನಾಟಕದಲ್ಲೋ, 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮತ್ತೆ ಗೆದ್ದದ್ದೇ ಕೊನೆ. ಆಮೇಲೆ ಯಾವ ಆಡಳಿತ ಪಕ್ಷವೂ ಮುಂದಿನ ಚುನಾವಣೆಯಲ್ಲಿ ಬಹುಮತದೊಂದಿಗೆ ಮರಳಿಲ್ಲ. ಹದಿನಾಲ್ಕು ವರ್ಷದ ಬೆಳವಣಿಗೆಯನ್ನು ಒಬ್ಬರ ಖಾತೆಗೆ ಬರೆಯುವುದು ಹೇಗೆ? (ಅಧಿಕಾರದಲ್ಲಿದ್ದಾಗ ಚಾಲ್ತಿ ಬೆಲೆ, ವಿರೋಧ ಪಕ್ಷದಲ್ಲಿ ಕೂತಾಗ ಸ್ಥಿರ ಬೆಲೆ: ಈ ಜಾಣತನ ಎಲ್ಲರಿಗೂ ಬರುತ್ತದೆ.)

ಇನ್ನು, ತಲಾ ಆದಾಯ ಅಂದರೆ ಒಟ್ಟು ಆದಾಯವನ್ನು ತಲೆ ಎಣಿಸಿ ಭಾಗಿಸಿದ್ದು. ಬೆಂಗಳೂರಿನ ಕಂಪನಿಯ ಲಾಭ ಬೆಂಗಳೂರಿನ ಲೆಕ್ಕಕ್ಕೇ ಸೇರುತ್ತದೆ, ಅದರ ಷೇರುದಾರ ಮುಂಬಯಿಯಲ್ಲಿದ್ದರೂ ಸರಿ. ಯಾರ ಕೈಸೇರಿತು ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುವಾರು ಲೆಕ್ಕ ಹಾಕಿದಾಗ 175ರಲ್ಲಿ 114 ಹಿಂದುಳಿದವು ಎಂದು ಕಂಡದ್ದು ಸರಾಸರಿಯನ್ನು ಒಡೆದು ನೋಡಿದ್ದರಿಂದ.

ಕಾರ್ಮಿಕರ ಪಾಲು ತಿಳಿಯಬೇಕಾದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬ ಮಹಿಳೆಯ ವೇತನ ಚೀಟಿ ಹಿಡಿಯಿರಿ. ಐದು ವರ್ಷದ ಹಿಂದಿನದೊಂದು, ಈಗಿನದೊಂದು. ಎರಡೂ ಏಪ್ರಿಲ್‌ನವೇ ಆಗಿರಲಿ. ತುಟ್ಟಿಭತ್ಯೆ ಏರುವುದು ಏಪ್ರಿಲ್ 1ಕ್ಕೆ. ಮಾರ್ಚ್ ಚೀಟಿಯನ್ನು ಏಪ್ರಿಲ್‌ನದಕ್ಕೆ ಹೋಲಿಸಿದರೆ ಒಂದು ಏರಿಕೆ ಸುಮ್ಮನೆ ಹೆಚ್ಚು ಬಂದುಬಿಡುತ್ತದೆ. ಮೂಲ ವೇತನ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ. ಪಿಎಫ್‌ನ ಶೇ 12, ಇಎಸ್‌ಐನ ಶೇ 0.75 ಕಡಿತಕ್ಕೆ ಮುಂಚಿನ ಮೊತ್ತವನ್ನೇ ತೆಗೆದುಕೊಳ್ಳಿ. ಓವರ್‌ಟೈಮ್ ಸೇರಿಸಬೇಡಿ, ಅದು ಹೆಚ್ಚು ದುಡಿದದ್ದಕ್ಕೆ ಬಂದ ಹಣ. ಉದಾಹರಣೆಗೆ 10,000 ಇದ್ದದ್ದು 13,000 ಆಗಿದೆ ಅನ್ನಿ. ಅಷ್ಟರಲ್ಲಿ ಬೆಲೆ ಸೂಚ್ಯಂಕವೂ 100ರಿಂದ 130ಕ್ಕೆ ಹೋಗಿದ್ದರೆ ಬೆಳವಣಿಗೆಯಲ್ಲಿ ಆಕೆಯ ಪಾಲು ಸೊನ್ನೆ.

ಇಲ್ಲೇ ಬಹಳ ಮಂದಿ ಎಡವುವುದು. ತುಟ್ಟಿಭತ್ಯೆ ಸೂಚ್ಯಂಕಕ್ಕೆ ಕಟ್ಟಿದ ಹಣ. ಅಕ್ಕಿ, ಎಣ್ಣೆ ತುಟ್ಟಿಯಾಗಿ ಕಳೆದುಕೊಂಡದ್ದನ್ನು ತುಂಬಿಕೊಡುತ್ತದೆ, ಅಷ್ಟೇ. ನಿಜವಾಗಿ ಪಾಲು ಹೆಚ್ಚಬೇಕಾದರೆ ಮೂಲ ವೇತನ ಏರಬೇಕು. 1948ರ ಕನಿಷ್ಠ ವೇತನ ಕಾಯ್ದೆ (2025ರಲ್ಲಿ ಅದರ ಜಾಗಕ್ಕೆ ವೇತನ ಸಂಹಿತೆ ಬಂತು) ಐದು ವರ್ಷ ಮೀರದಂತೆ ಅದನ್ನು ಪರಿಶೀಲಿಸಲು ಹೇಳಿದ್ದು ಅದಕ್ಕೇ. ಹೊಸ ವೇತನದ ಅಧಿಸೂಚನೆ ತಡವಾದಷ್ಟೂ ತಿಂಗಳು ಚೀಟಿಯಲ್ಲಿ ಮೂಲ ವೇತನದ ಸಾಲು ಇದ್ದಲ್ಲೇ ಇರುತ್ತದೆ.

ಇನ್ನು ನಮ್ಮ ಪಕ್ಷದ ವಿಚಾರ. ನಾಳೆ ಇನ್ನೊಬ್ಬರು ಗದ್ದುಗೆ ಏರಿದರೂ ಇದೇ ಲೆಕ್ಕ ಹಾಕುತ್ತೇವೆ. ಆಗ ನಿಮ್ಮ ಈ ಪ್ರಶ್ನೆಯನ್ನೇ ಅವರ ಕಡೆಯವರು ಬರೆದು ಕಳಿಸುತ್ತಾರೆ.