ಅದೇ ಭಾಷೆ, ಬೇರೆ ಮಾತು

ಪ್ರಶ್ನೆ: ನಾಲ್ಕು ವರ್ಷದಿಂದ ಜರ್ಮನಿಯಲ್ಲಿದ್ದೇನೆ, ಜರ್ಮನ್ ಚೆನ್ನಾಗಿ ಬರುತ್ತದೆ. ಮುಂದಿನ ತಿಂಗಳು ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಪ್ರವಾಸ. ಅಲ್ಲಿಯವರ ಹಾಗೇ ಮಾತಾಡಬೇಕಾ?

ಉತ್ತರ: ಬೇಡ. ನಿಮ್ಮ ಜರ್ಮನ್‌ನಲ್ಲೇ ಮಾತಾಡಿ, ಅವರಿಗೆ ಅರ್ಥವಾಗುತ್ತದೆ. ಕಷ್ಟ ಇರುವುದು ಕೇಳಿಸಿಕೊಳ್ಳುವುದರಲ್ಲಿ. ಆಸ್ಟ್ರಿಯಾದಲ್ಲಿ ಜನವರಿಗೆ ‘ಯಾನುವಾರ್’ ಅನ್ನುವುದಿಲ್ಲ, ‘ಯೆನರ್’ ಅನ್ನುತ್ತಾರೆ. ಟೊಮೆಟೊ ಬುಟ್ಟಿಯ ಮೇಲೆ ‘ಪಾರಡೈಸರ್’ ಅಂತ ಚೀಟಿ ಕಂಡರೆ ಗಾಬರಿಯಾಗಬೇಡಿ. 1995ರಲ್ಲಿ ಐರೋಪ್ಯ ಒಕ್ಕೂಟ ಸೇರುವಾಗ ಆ ದೇಶ ಇಂಥ 23 ಆಹಾರದ ಪದಗಳಿಗೆ ಒಪ್ಪಂದದಲ್ಲೇ ಮಾನ್ಯತೆ ಪಡೆದುಕೊಂಡಿತು, ತಮ್ಮ ಮಾತಿನ ಮೇಲೆ ಅಷ್ಟು ಪ್ರೀತಿ ಅವರಿಗೆ. ಅದಕ್ಕೇ ‘ಇದು ತಪ್ಪು ಜರ್ಮನ್’ ಅಂತ ಸುಮ್ನೆ ಕೂಡ ತಿದ್ದಲು ಹೋಗಬೇಡಿ, ತುಂಬಾ ನೋವಾಗುತ್ತದೆ.

ಸ್ವಿಟ್ಜರ್ಲೆಂಡ್ ಕಥೆಯೇ ಬೇರೆ. ಅಲ್ಲಿನ ಜರ್ಮನ್ ಭಾಗದಲ್ಲಿ ಬರೆಯುವುದು ಶಿಷ್ಟ ಜರ್ಮನ್, ಆದರೆ ಮನೆ, ಬಸ್ಸು, ಆಫೀಸು ಎಲ್ಲ ಕಡೆ ಆಡುವುದು ಸ್ವಿಸ್ ಜರ್ಮನ್. ಮೊದಲ ದಿನ ನಿಮಗೆ ಅರ್ಧವೂ ತಿಳಿಯದಿರಬಹುದು, ಅದು ನಿಮ್ಮ ಕಲಿಕೆಯ ದೋಷವಲ್ಲ. ‘ಶಿಷ್ಟ ಜರ್ಮನ್‌ನಲ್ಲಿ ಹೇಳ್ತೀರಾ’ ಅಂತ ನೇರವಾಗಿ ಕೇಳಿ, ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ ಅಲ್ವಾ. ಜ್ಯೂರಿಕ್ ಕಡೆ ‘ಗ್ರುಯೆಟ್ಸಿ’ ಅಂತ ನಮಸ್ಕಾರ ಹೇಳಿದರೆ ಸಾಕು. ಅದಕ್ಕಿಂತ ಜಾಸ್ತಿ ಅನುಕರಿಸಿದರೆ ಅಣಕಿಸಿದ ಹಾಗೆ ಕೇಳಿಸುತ್ತದೆ.