ಪಿನ್ ಹೊಡೆದ ಕೊನೆಯ ಅಧ್ಯಾಯ

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಹುಡುಗಿಗೆ 16 ವರ್ಷ. ಮೊಣಕಾಲಿನ ಬಳಿ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರ್. ಎತ್ತರ ಬೆಳೆಯುವ ವಯಸ್ಸಿನಲ್ಲೇ ಹೆಚ್ಚಾಗಿ ಬರುವ ಕಾಯಿಲೆ ಇದು. ಮೊದಲು ಕೀಮೋ ಕೊಟ್ಟು, ಕಾಲು ಉಳಿಸಿಕೊಂಡು ಗಡ್ಡೆ ತೆಗೆದು, ಲೋಹದ ಕೀಲು ಕೂರಿಸಿದ್ದರು. ಈಗ ಮತ್ತೆ ಕೀಮೋ ನಡೆಯುತ್ತಿತ್ತು. ಆಪ್ತಸಲಹೆಗೆಂದು ನನ್ನ ಬಳಿ ಮೊದಲು ಬಂದವರು ತಾಯಿ, ಒಬ್ಬರೇ. ಕೂತವರೇ ಚೀಲದಿಂದ ಒಂದು ಕಾದಂಬರಿ ತೆಗೆದು ಮೇಜಿನ ಮೇಲಿಟ್ಟರು. ಕ್ಯಾನ್ಸರ್ ಇರುವ ಹುಡುಗ-ಹುಡುಗಿ ಪ್ರೀತಿಸುವ ಕಥೆ, ಕೊನೆಗೆ ಒಬ್ಬರು ಸಾಯುತ್ತಾರೆ. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟು ಸೇರಿಸಿ ಮೂರು ಕಡೆ ಸ್ಟೇಪ್ಲರ್ ಪಿನ್ ಹೊಡೆದಿದ್ದರು.

"ಕಿತ್ತುಕೊಂಡರೆ ಅಳ್ತಾಳೆ. ಬಿಟ್ಟರೆ ಕೊನೇದನ್ನೂ ಓದಿಬಿಡ್ತಾಳೆ," ಎಂದರು.

ದೂರು ಇನ್ನೂ ಒಂದಿತ್ತು. ವಾರ್ಡಿನಲ್ಲಿ ಪರಿಚಯವಾದ ಹುಡುಗ, 17ರವನು, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ರಾತ್ರಿ ಹನ್ನೆರಡು ದಾಟಿದರೂ ಇಬ್ಬರ ಮೆಸೇಜು ನಿಲ್ಲುವುದಿಲ್ಲ. ಫೋನ್ ಮಾಡಿ ಮಾತಾಡುವುದೇ ಇಲ್ಲ, ಬರೀ ಟೈಪ್ ಮಾಡುತ್ತಾಳೆ, ಯಾರಿಗೂ ಕೇಳಬಾರದೆಂದೇ ಹಾಗೆ ಮಾಡುತ್ತಾಳೆ ಎಂಬುದು ತಾಯಿಯ ಗುಮಾನಿ. ಪುಸ್ತಕ ಓದಿ ತಲೆ ಕೆಟ್ಟಿದೆ ಎಂಬುದು ಅವರ ತೀರ್ಮಾನ. ತಂದೆಯದು ಇನ್ನೂ ಸರಳ: ಮೊದಲು ಕಾಯಿಲೆ ವಾಸಿಯಾಗಲಿ, ಉಳಿದದ್ದು ಆಮೇಲೆ. ಹದಿಹರೆಯ ಹಾಗೆ ಕಾಯುತ್ತಾ ಕೂರುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು?

ಮಗಳು ಯಾವತ್ತಾದರೂ ಸಾವಿನ ಬಗ್ಗೆ ಕೇಳಿದ್ದಳೇ ಎಂದು ವಿಚಾರಿಸಿದೆ. "ಆಪರೇಷನ್ನಿಗೆ ಮುಂಚೆ ಕೇಳಿದ್ಲು. ಬಿಡ್ತು ಅನ್ನು ಅಂದೆ." ಆಮೇಲೆ? ಆಮೇಲೆ ಕೇಳಿಲ್ಲ.

ಕೇಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ಮಕ್ಕಳು ಯೋಚಿಸುವುದನ್ನು ನಿಲ್ಲಿಸಿರುವುದಿಲ್ಲ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ವಾರ್ಡಿನ ಪುಟ್ಟ ಮಕ್ಕಳ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1978ರಲ್ಲೇ ಇದನ್ನು ಬರೆದಿದ್ದಾರೆ: ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ಎಲ್ಲ ಗೊತ್ತಿರುತ್ತಿತ್ತು, ಆದರೂ ದೊಡ್ಡವರ ಮುಂದೆ ಗೊತ್ತಿಲ್ಲದಂತೆ ಇರುತ್ತಿದ್ದರು. 2004ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೂ ನೆನಪಾಯಿತು. ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಂದೆತಾಯಿಯರಲ್ಲಿ, ಮಗುವಿನೊಡನೆ ಸಾವಿನ ಬಗ್ಗೆ ಮಾತಾಡಿದ್ದವರು 147 ಮಂದಿ. ಯಾಕಾದರೂ ಮಾತಾಡಿದೆವೋ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಮಾತಾಡದೆ ಉಳಿದವರಲ್ಲಿ ಶೇ. 27ರಷ್ಟು ಮಂದಿಗೆ ಮಾತಾಡಲಿಲ್ಲವಲ್ಲ ಎಂಬ ಕೊರಗು ಉಳಿದಿತ್ತು. ಈ ಅಂಕಿಗಳನ್ನು ತಾಯಿಗೆ ಹೇಳಲಿಲ್ಲ. ಇವರ ಮಗಳ ಚಿಕಿತ್ಸೆ ನಡೆಯುತ್ತಿದ್ದದ್ದು ಗುಣಪಡಿಸುವುದಕ್ಕೆ. ಮಗುವನ್ನು ಕಳೆದುಕೊಂಡವರ ಲೆಕ್ಕ ಅವರಿಗೆ ಆಗ ಬೇಕಿರಲಿಲ್ಲ.

ಮುಂದಿನ ಸಲ ಹುಡುಗಿ ಬಂದಳು. ಪುಸ್ತಕದ ಮಾತು ತೆಗೆದದ್ದೇ ತಡ, ನಕ್ಕಳು. "ನಾನು ಯಾವಾಗಲೂ ಕೊನೇದನ್ನೇ ಮೊದಲು ಓದೋದು. ಪಿನ್ ನೋಡಿ ಅಮ್ಮ ಪಾಪ ಅನ್ನಿಸ್ತು, ಸುಮ್ಮನಾದೆ." ಸಾವಿನ ಭಾಗ ಅವಳನ್ನು ಕಾಡಿರಲಿಲ್ಲ. ಅವಳ ತಕರಾರೇ ಬೇರೆ: ಆ ಕಥೆಯಲ್ಲಿ ಯಾರಿಗೂ ಬಾಯಿಹುಣ್ಣಾಗುವುದಿಲ್ಲ, ವಾಂತಿ ಮಾಡುತ್ತಲೇ ಎಲ್ಲರೂ ಜಾಣ ಮಾತಾಡುತ್ತಾರೆ. (ನನಗೂ ಈ ಜಾತಿಯ ಕಾದಂಬರಿಗಳ ಮೇಲೆ ಇದೇ ಸಿಟ್ಟು. ಕಾಯಿಲೆ ಬಂದ ಮಾತ್ರಕ್ಕೆ ಯಾರೂ ದಾರ್ಶನಿಕರಾಗುವುದಿಲ್ಲ.) ಆದರೆ ತೊಡೆಯಿಂದ ಮೊಣಕಾಲಿನ ಕೆಳಗಿನವರೆಗೆ ಹೊಲಿಗೆ ಗುರುತಿರುವ ಕಾಲನ್ನು ಯಾರಾದರೂ ಇಷ್ಟಪಟ್ಟಾರೇ ಎಂಬ ಅವಳ ಪ್ರಶ್ನೆಯನ್ನು ಕೇಳಿದ್ದು ಆ ಪುಸ್ತಕ ಮಾತ್ರ.

ಹುಡುಗನಿಗೆ ಯಾಕೆ ಫೋನ್ ಮಾಡುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಫೋನಿನಲ್ಲಿ 'ಸ', 'ಶ' ಸರಿಯಾಗಿ ಕೇಳುವುದಿಲ್ಲ. ಮನೆಯಲ್ಲಿ ಹೇಳಿದರೆ ಡಾಕ್ಟರು ಔಷಧಿ ನಿಲ್ಲಿಸಿಬಿಟ್ಟರೆ ಎಂದು ಮುಚ್ಚಿಟ್ಟಿದ್ದಳು. ಅವಳಿಗೆ ಕೊಡುತ್ತಿದ್ದ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಒಳಕಿವಿಗೆ ಹಾನಿ ಮಾಡಬಲ್ಲದು, ಮೊದಲು ಹೋಗುವುದೇ ತಾರಕ ಧ್ವನಿಗಳು. ಇದನ್ನು ಗುಟ್ಟಾಗಿ ಇಡಲಾಗದು ಎಂದು ಸ್ಪಷ್ಟವಾಗಿ ಹೇಳಿದೆ. ಮುಂದಿನ ಕೀಮೋಗೆ ಮೊದಲೇ ಡಾಕ್ಟರಿಗೆ ತಾನೇ ಹೇಳುವುದಾಗಿ ಒಪ್ಪಿದಳು, ಹೇಳಿದಳು ಕೂಡ. ಶ್ರವಣ ಪರೀಕ್ಷೆಯಲ್ಲಿ ನಷ್ಟ ಕಂಡಿತು. ಔಷಧದ ವಿಷಯ ಈಗ ವೈದ್ಯರ ಕೈಯಲ್ಲಿದೆ.

ತಾಯಿಗೆ ಹೇಳಿದ್ದು ಇಷ್ಟು. ಪಿನ್ನುಗಳನ್ನು ಮಗಳ ಎದುರಿಗೇ ತೆಗೆಯಿರಿ, ಪುಸ್ತಕವನ್ನು ನೀವೂ ಓದಿ. ನಿನಗೇನನ್ನಿಸುತ್ತದೆ ಎಂದು ನೇರವಾಗಿ ಕೆದಕಬೇಡಿ. ಆ ಹುಡುಗಿ ಮಾಡಿದ್ದು ಸರಿಯಾ ಎಂದು ಪಾತ್ರದ ಬಗ್ಗೆ ಕೇಳಿ, ಮಾತು ತಾನಾಗಿ ಮನೆಯೊಳಕ್ಕೆ ಬರುತ್ತದೆ. "ನಾನು ಸಾಯ್ತೀನಾ" ಎಂದು ಮತ್ತೆ ಕೇಳಿದರೆ 'ಬಿಡ್ತು ಅನ್ನು' ಬೇಡ, 'ಏನೂ ಆಗಲ್ಲ' ಎಂಬುದೂ ಬೇಡ. "ನನಗೂ ಹೆದರಿಕೆ ಇದೆ, ಡಾಕ್ಟರು ಹೇಳಿದ್ದು ಇಷ್ಟು, ಉಳಿದದ್ದನ್ನು ಇಬ್ಬರೂ ಹೋಗಿ ಕೇಳೋಣ" ಎನ್ನಿ. ಕಾದಂಬರಿಯಲ್ಲಿ ಕಾಯಿಲೆ ಉಲ್ಬಣಿಸುವುದು ಕಥೆಗೆ ಬೇಕಾದಾಗ. ಅದರ ಕೊನೆಗೂ ನಿಮ್ಮ ಮಗಳ ಸ್ಕ್ಯಾನಿಗೂ ಸಂಬಂಧವಿಲ್ಲ.

ಮೆಸೇಜು ಕದ್ದು ಓದುವುದನ್ನು ನಿಲ್ಲಿಸಲೇಬೇಕು ಎಂದೆ. ಅವರಿಗೆ ಇಷ್ಟವಾಗಲಿಲ್ಲ. ರಾತ್ರಿ ಫೋನ್ ಇಡುವ ಹೊತ್ತು ಯಾವ ಹದಿನಾರರ ಹುಡುಗಿಗಾದರೂ ಇರುವಂಥದ್ದೇ ಇರಲಿ. ಭೇಟಿಯ ವಿಷಯದಲ್ಲಿ ಮಾತ್ರ ಕಾಯಿಲೆಯ ಲೆಕ್ಕ ಬರುತ್ತದೆ: ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಬೇಡ, ಇಬ್ಬರಲ್ಲಿ ಯಾರಿಗೆ ಕೆಮ್ಮು, ಜ್ವರ ಇದ್ದರೂ ಬೇಡ. ಯಾವ ದಿನ ಸರಿ ಎಂದು ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು ಹೇಳುತ್ತಾರೆ, ಅವರನ್ನೇ ಕೇಳಿ.

ಹುಡುಗಿಯ ಜೊತೆ ಇನ್ನೊಂದು ಮಾತೂ ಆಯಿತು. ಅವನಿಗೆ ಕಾಯಿಲೆ ಮರುಕಳಿಸಿದರೆ? ಅವಳು ಅದನ್ನು ಆಗಲೇ ಅವನೊಡನೆ ಮಾತಾಡಿ ಮುಗಿಸಿದ್ದಳು. ಏನೇ ಆದರೂ ಮೊದಲು ಒಬ್ಬರಿಗೊಬ್ಬರು ತಾವೇ ತಿಳಿಸಬೇಕು, ದೊಡ್ಡವರ ಮುಖ ನೋಡಿ ಊಹಿಸುವಂತಾಗಬಾರದು ಎಂಬುದು ಅವರ ಒಪ್ಪಂದ. ನಾನು ಸೇರಿಸಿದ್ದು ಒಂದೇ: ಅಂಥ ಸುದ್ದಿ ಬಂದ ದಿನ ಅದನ್ನು ಹೇಳಿಕೊಳ್ಳಲು ಒಬ್ಬ ದೊಡ್ಡವರನ್ನು ಈಗಲೇ ಆರಿಸಿಕೊ. ಅವಳು ಅಮ್ಮನ ಹೆಸರು ಹೇಳಲಿಲ್ಲ, ಅಪ್ಪನ ಹೆಸರು ಹೇಳಿದಳು. ತಂದೆ ಇನ್ನೂ ನನ್ನ ಬಳಿ ಬಂದಿಲ್ಲ. ಮುಂದಿನ ಸಲ ಕರೆತರುವ ಹೊಣೆ ಅವಳದೇ.